ಪಹಣಿಗೆ ಬಿದ್ದ ಕೀಲಿ

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಹಳ್ಳಿಖೇಡ (ಬಿ) ಎಂಬ ಊರಿದೆ. ತೊಗರಿ, ಉದ್ದು, ಜೋಳ ಬೆಳೆಯುವ ಅಲ್ಲಿನ ರೈತನಿಗೆ ಹೊಲವೆಷ್ಟು ಮುಖ್ಯವೋ ಅದರ ಪಹಣಿಯೂ ಅಷ್ಟೇ ಮುಖ್ಯ. ಬ್ಯಾಂಕಿನ ಸಾಲಕ್ಕೂ ಅಣ್ಣತಮ್ಮಂದಿರ ಪಾಲಿಗೂ ಮೊದಲು ಬೇಕಾದುದು ಆ ಕಾಗದ.

ಹಿಂದೆ ಪಹಣಿಯು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಆ ಪುಸ್ತಕಕ್ಕೆ ದೋಷಗಳು ಬೇಕಾದಷ್ಟಿದ್ದವು; ಆದರೆ ಅದು ಒಬ್ಬರ ಕೈಯಲ್ಲಿರುವಾಗ ಮತ್ತೊಬ್ಬರು ಅದರಲ್ಲಿ ಬರೆಯುವುದು ಸಾಧ್ಯವಿರಲಿಲ್ಲ. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಬೇಕು, ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕು ಎಂಬ ಕಟ್ಟುಪಾಡುಗಳು ಬಂದವು. ಪುಸ್ತಕವಾದರೆ ಒಂದೇ ಮೇಜಿನ ಮೇಲಿರುತ್ತದೆ. ಗಣಕಯಂತ್ರದ ದಾಖಲೆಯಾದರೋ ಏಕಕಾಲದಲ್ಲಿ ಹಲವು ಮೇಜುಗಳ ಮೇಲೆ ತೆರೆದುಕೊಳ್ಳಬಲ್ಲದು.

ಇದರಿಂದಾಗುವ ಅನರ್ಥವನ್ನು ಊಹಿಸಿ ನೋಡಬಹುದು. ಒಬ್ಬ ರೈತನ ಹೆಸರಿನಲ್ಲಿ 4 ಎಕರೆ ಇದೆ. ಮಾರಿದ 1 ಎಕರೆಯನ್ನು ಕಳೆಯಲು ಒಬ್ಬ ನೌಕರನೂ, ತಮ್ಮನ ಪಾಲಿನ 2 ಎಕರೆಯನ್ನು ಕಳೆಯಲು ಮತ್ತೊಬ್ಬನೂ ಅದೇ ಗಳಿಗೆಯಲ್ಲಿ ದಾಖಲೆ ತೆರೆಯುತ್ತಾರೆ. ಇಬ್ಬರಿಗೂ ಕಾಣುವುದು 4. ಮೊದಲನೆಯವನು 3 ಎಂದು ಉಳಿಸುತ್ತಾನೆ. ಎರಡನೆಯವನು ಅದರ ಮೇಲೆಯೇ 2 ಎಂದು ಉಳಿಸುತ್ತಾನೆ. ಉಳಿಯಬೇಕಾದುದು 1. ಹಣ ಕೊಟ್ಟು ಕೊಂಡವನ ಎಕರೆಯು ಸದ್ದಿಲ್ಲದೆ ಮಾಯವಾಯಿತು!

ಇದನ್ನು ತಡೆಯುವುದಕ್ಕೇ ತಂತ್ರಾಂಶವು ದಾಖಲೆಗೆ ಬೀಗ ಹಾಕುತ್ತದೆ. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಜಿಮ್ ಗ್ರೇ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ಬೀಗಗಳ ನಿಯಮಗಳನ್ನು ಶಾಸ್ತ್ರೀಯವಾಗಿ ರೂಪಿಸಿದರು. ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಮೊದಲು ತೆರೆದವನು ತಿದ್ದಿ ಮುಗಿಸುವ ತನಕ ಎರಡನೆಯವನಿಗೆ ‘ದಾಖಲೆ ಬೇರೊಬ್ಬರ ಬಳಕೆಯಲ್ಲಿದೆ’ ಎಂಬ ಸೂಚನೆ ಬರುತ್ತದೆ. ಕಿಟಕಿಯಾಚೆ ನಿಂತ ರೈತ, “ಯಾಕ್ರೀ ಸಾಹೇಬ್ರ, ನಮ್ಮ ಪಹಣಿಗಿ ಕೀಲಿ ಬಿದ್ದದೇನ್ರಿ?” ಎಂದು ಕಳವಳಗೊಳ್ಳುವುದು ಸಹಜವೇ.

ಅನುಭವಿಯಾದ ನೌಕರನು ಆಗ ಗುಂಡಿಗಳನ್ನು ಮೇಲಿಂದ ಮೇಲೆ ಒತ್ತುವುದಿಲ್ಲ. ಕ್ಷಣಕಾಲ ಕಾಯುತ್ತಾನೆ, ಬೀಗಗಳಲ್ಲಿ ಬಹುಪಾಲು ತಾವಾಗಿಯೇ ತೆರೆಯುತ್ತವೆ. ತೆರೆಯದಿದ್ದರೆ ಬೀಗ ಯಾರ ಹೆಸರಿನಲ್ಲಿದೆ, ಯಾವ ಹೊತ್ತಿನಿಂದ ಇದೆ ಎಂದು ವಿಚಾರಿಸುತ್ತಾನೆ. ಎಷ್ಟೋ ಸಲ ಪಕ್ಕದ ಕೋಣೆಯವರು ದಾಖಲೆಯನ್ನು ತೆರೆದಿಟ್ಟು ಚಹಾಕ್ಕೆ ಹೋಗಿರುತ್ತಾರೆ! ಅವರು ಬಂದು ಕೆಲಸ ಮುಗಿಸಿದರೆ ಸಾಕು. ವಿದ್ಯುತ್ತು ಹೋಗಿಯೋ ಸಂಪರ್ಕ ಕಡಿದೋ ಒಡೆಯನಿಲ್ಲದ ಬೀಗ ಉಳಿದಿದ್ದರೆ ಮಾತ್ರ ಅದನ್ನು ತೆಗೆಯಬೇಕು. ಅದೂ ವ್ಯವಸ್ಥಾಪಕರ ಕೆಲಸ. ಅವರು ಅರ್ಧಕ್ಕೆ ನಿಂತ ತಿದ್ದುಪಡಿಯನ್ನು ರದ್ದುಪಡಿಸಿ, ದಾಖಲೆಯನ್ನು ಮೊದಲಿನ ಸ್ಥಿತಿಗೆ ತಂದು ಬೀಗ ಬಿಡಿಸುತ್ತಾರೆ. ಅವಸರಪಟ್ಟು ಜೀವಂತ ಬೀಗವನ್ನು ಮುರಿದರೆ ಅದನ್ನು ಹಿಡಿದವನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ.

ಇನ್ನೊಂದು ಪೇಚು ವಿಚಿತ್ರವಾದುದು. ಒಬ್ಬನು 12ನೆಯ ಸರ್ವೆ ನಂಬರನ್ನು ಹಿಡಿದು 15ಕ್ಕಾಗಿ ಕಾಯುತ್ತಾನೆ. ಮತ್ತೊಬ್ಬನು 15ನ್ನು ಹಿಡಿದು 12ಕ್ಕಾಗಿ ಕಾಯುತ್ತಾನೆ. ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದ ಎರಡು ಬಂಡಿಗಳ ಪಾಡು ಅದು. ಯಂತ್ರವು ಇದನ್ನು ಕಂಡುಹಿಡಿದು ಒಬ್ಬನ ಕೆಲಸವನ್ನು ರದ್ದು ಮಾಡುತ್ತದೆ. ಅವನು ಪುನಃ ಆರಂಭಿಸಬೇಕು. ಎಲ್ಲರೂ ಚಿಕ್ಕ ನಂಬರನ್ನು ಮೊದಲು, ದೊಡ್ಡದನ್ನು ಆಮೇಲೆ ಹಿಡಿಯುವಂತೆ ತಂತ್ರಾಂಶವನ್ನು ರಚಿಸಿದರೆ ಈ ಬಂಡಿಗಳು ಎದುರಾಗುವುದೇ ಇಲ್ಲ.