ಸಾಕುಹಕ್ಕಿಗಳಿಗೆ ಮನೆಯಲ್ಲೇ ಒಂದು ಆಟದ ಮರ

ಪಂಜರದ ಹಕ್ಕಿಗೆ ಕಾಳು, ನೀರು, ನೆರಳು ಇವಿಷ್ಟು ದೊರೆತರೆ ಸಾಕೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ವಸ್ತುತಃ ಹಕ್ಕಿಯ ದಿನದ ಬಹುಭಾಗ ಕಳೆಯುವುದು ಅದರ ಕಾಲುಗಳ ಮೇಲೆ ಮತ್ತು ಕೊಕ್ಕಿನ ಕೆಲಸದಲ್ಲಿ. ಒಂದೇ ದಪ್ಪದ ನುಣುಪಾದ ಕಡ್ಡಿಯ ಮೇಲೆ ಹಗಲಿರುಳು ಕುಳಿತ ಹಕ್ಕಿಯ ಅಂಗಾಲಿನ ಅದೇ ಭಾಗಕ್ಕೆ ಸದಾ ಒತ್ತಡ ಬಿದ್ದು, ಮೊದಲು ಕೆಂಪಾಗಿ, ಬಳಿಕ ಹುಣ್ಣಾಗುತ್ತದೆ. ಕಡಿಯಲು ಏನೂ ಸಿಗದ ಗಿಳಿಜಾತಿಯ ಹಕ್ಕಿ ಬೇಸರದಿಂದ ತನ್ನ ಗರಿಗಳನ್ನೇ ಕಿತ್ತುಕೊಳ್ಳುವುದೂ ಉಂಟು. ಪಂಜರದ ಹೊರಗೆ ದಿನಕ್ಕೆ ಒಂದೆರಡು ಗಂಟೆ ಏರಿ ಇಳಿದು ಆಡಲು ಒಂದು ಮರವನ್ನು ಒದಗಿಸಿದರೆ ಈ ಎರಡು ಕಷ್ಟಗಳೂ ಬಹುಮಟ್ಟಿಗೆ ನಿವಾರಣೆಯಾಗುತ್ತವೆ.

ಇಲ್ಲಿ ಮೊದಲಿಗೆ ಒಂದು ಕಾನೂನಿನ ಮಾತು. ಊರಿನಲ್ಲಿ ಅಜ್ಜಿಯ ಮನೆಯ ಜಗುಲಿಯಲ್ಲಿ ತೂಗುತ್ತಿದ್ದ ಹಸಿರು ಗಿಳಿಯ ನೆನಪು ಹಲವರಿಗಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಮನೆಗಳಲ್ಲಿ ಸಾಕಲು ತಕ್ಕವು ಆಸ್ಟ್ರೇಲಿಯಾ ಮೂಲದ ಬಡ್ಜಿ, ಕಾಕಟೀಲ್ ಮುಂತಾದವು. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಜೋಡಿಗಳು ಬಹುಪಾಲು ಈ ಬಡ್ಜಿಗಳೇ. ನಿಜವಾದ ಲವ್ ಬರ್ಡ್ ಆಫ್ರಿಕದ ಬೇರೊಂದು ಹಕ್ಕಿ. ದೊಡ್ಡ ಜಾತಿಯ ವಿದೇಶಿ ಗಿಳಿಗಳನ್ನು ಕೊಳ್ಳುವವರು ನೋಂದಣಿಯ ನಿಯಮಗಳನ್ನು ಮೊದಲೇ ವಿಚಾರಿಸತಕ್ಕದ್ದು.

ಕೊಚ್ಚಿಯ ಏಲೂರು ಪೆರಿಯಾರ್ ನದಿಯ ಕವಲುಗಳ ನಡುವಿನ ದ್ವೀಪ. 1947ರಲ್ಲಿ ಉತ್ಪಾದನೆ ಆರಂಭಿಸಿದ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆಯ ಸುತ್ತ ಬೆಳೆದ ಈ ಕೈಗಾರಿಕಾ ನೆಲೆಯಲ್ಲಿ ಗಾಳಿಯ ವಿಚಾರ ಎಲ್ಲರ ಬಾಯಲ್ಲೂ ಇರುವಂಥದು. ಹಕ್ಕಿಯ ಮಟ್ಟಿಗಂತೂ ಅದು ಪ್ರಾಣದ ವಿಚಾರ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಸಿದ್ದು, ಗಾಳಿ ಒಂದೇ ದಿಕ್ಕಿನಲ್ಲಿ ನಿರಂತರ ಹರಿಯುತ್ತದೆ; ಆದ್ದರಿಂದ ಪ್ರಾಣವಾಯುವಿನಂತೆಯೇ ವಿಷವಾಯುವನ್ನೂ ಅದು ಬಹುಬೇಗ ಹೀರಿಕೊಳ್ಳುತ್ತದೆ. ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಅವರ ಸಲಹೆಯಂತೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕೆನರಿ ಹಕ್ಕಿಗಳನ್ನು ಇರಿಸಿಕೊಳ್ಳುತ್ತಿದ್ದುದು ಈ ಕಾರಣದಿಂದಲೇ; 1986ರಲ್ಲಿ ಮಾತ್ರ ಅವುಗಳ ಬದಲು ಯಂತ್ರಗಳನ್ನು ತರುವ ನಿರ್ಧಾರವಾಯಿತು. ಹೊರಗಿನ ಗಾಳಿಯನ್ನು ಗೃಹಸ್ಥನು ತಿದ್ದಲಾರ. ಒಳಗಿನದು ಅವನ ಕೈಯಲ್ಲಿದೆ. ಮರವನ್ನು ಅಡುಗೆಮನೆಯಿಂದ ದೂರವಿಡತಕ್ಕದ್ದು; ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲುದು. ಊದುಬತ್ತಿ, ಸೊಳ್ಳೆಬತ್ತಿಗಳೂ ಆ ಕೋಣೆಯಲ್ಲಿ ಬೇಡ.

ಇನ್ನು ಕೊಂಬೆಯ ಆಯ್ಕೆ. ಕೆಲಸದ ಮುಕ್ಕಾಲು ಭಾಗ ಇದರಲ್ಲೇ ಇದೆ, ಏಕೆಂದರೆ ಹಕ್ಕಿ ಕುಳಿತ ಕೊಂಬೆಯನ್ನೇ ತಿನ್ನುತ್ತದೆ. ಮೈಸೂರಿನವರು ಸೀಬೆ ಎನ್ನುವ, ಕರಾವಳಿಯವರು ಪೇರಳೆ ಎನ್ನುವ, ಮಲಯಾಳಿಗಳು ಪೇರ ಎನ್ನುವ ಮರಕ್ಕೆ ಸಮನಾದುದು ಇನ್ನೊಂದಿಲ್ಲ. ಗಟ್ಟಿಯಾದ ಮರ, ಸಹಜವಾದ ಕವಲುಗಳು, ನಿರಪಾಯಕರ ತೊಗಟೆ. ಕೇರಳದ ಹಿತ್ತಿಲುಗಳಲ್ಲಿ ಬೇಡಿದರೆ ಬಿಟ್ಟಿಯಾಗಿಯೇ ದೊರೆಯುತ್ತದೆ. ಹಿಪ್ಪುನೇರಳೆ, ದಾಸವಾಳ, ಬಿದಿರುಗಳೂ ಆಗಬಹುದು. ಔಷಧ ಸಿಂಪಡಿಸಿದ ತೋಟದ ಕೊಂಬೆ ಯಾವುದೂ ಸಲ್ಲದು.

ಕಣಗಿಲೆ, ಎಕ್ಕ, ಬೆಣ್ಣೆಹಣ್ಣಿನ ಮರಗಳನ್ನು ಮುಟ್ಟಲೇಬಾರದು. ಮಾವು, ಗೇರುಗಳ ಸೊನೆ ಮನುಷ್ಯರ ಚರ್ಮವನ್ನೇ ಸುಡುವುದರಿಂದ ಅವನ್ನೂ ಬಿಡುವುದು ಲೇಸು. ಹೊರನಾಡಿನಿಂದ ಬಂದವರು ವಿಶೇಷವಾಗಿ ಅರಿತಿರಬೇಕಾದುದು ಹಿನ್ನೀರಿನ ಅಂಚಿನಲ್ಲಿ ಬೆಳೆಯುವ ‘ಒತಳಂ’ ಮರವನ್ನು. ಹಸಿರು ಮಾವಿನಕಾಯಿಯನ್ನು ಹೋಲುವ ಅದರ ಕಾಯಿಯೊಳಗಿನ ಬೀಜ ಹೃದಯವನ್ನೇ ನಿಲ್ಲಿಸುವ ವಿಷ. ಹೆಸರು ಖಚಿತವಾಗಿ ತಿಳಿಯದ ಕೊಂಬೆಯನ್ನು ನದಿಯ ದಡದಿಂದ ಕಡಿದು ತರಬಾರದೆಂಬುದಕ್ಕೆ ಇದೊಂದು ಮರವೇ ಸಾಕು.

ಸುಮಾರು ಮುಕ್ಕಾಲು ಮೀಟರು ಎತ್ತರದ, ಮೂರು ನಾಲ್ಕು ಕವಲುಗಳಿರುವ ಕೊಂಬೆಯನ್ನು ಆರಿಸಬೇಕು. ಬಡ್ಜಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್, ಕಾಕಟೀಲಿಗೆ ಎರಡರ ಆಸುಪಾಸು ದಪ್ಪ ಸರಿ; ಕವಲಿನಿಂದ ಕವಲಿಗೆ ದಪ್ಪ ಬದಲಾಗುತ್ತಿದ್ದರೆ ಕಾಲಿಗೆ ಒಳ್ಳೆಯದು. ಕೊಂಬೆಯನ್ನು ಉಜ್ಜಿ ತೊಳೆದು, ಕುದಿಯುವ ನೀರು ಸುರಿದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಮಳೆಗಾಲದ ಕೊಚ್ಚಿಯಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಹಸಿಯಾಗಿ ಉಳಿದ ಕೊಂಬೆಯ ಬೂಸ್ಟು ಹಕ್ಕಿಯ ಶ್ವಾಸಕೋಶಕ್ಕೆ ಇಳಿದರೆ ಗುಣವಾಗುವುದು ಬಲು ಕಷ್ಟ. ಆದುದರಿಂದ ಈ ಕೆಲಸವನ್ನು ಜನವರಿಯಿಂದ ಮಾರ್ಚಿಯೊಳಗೆ ಮುಗಿಸುವುದು ಜಾಣತನ.

ಬುಡಕ್ಕೆ ಅರ್ಧ ಮೀಟರಿಗೆ ಕಡಿಮೆಯಿಲ್ಲದ ಚೌಕದ ಹಲಗೆ ಬೇಕು. ಬಣ್ಣ, ಮೆರುಗೆಣ್ಣೆ ಕಾಣದ ಹಲಗೆಯೇ ಆಗಬೇಕು. ಪ್ಲೈವುಡ್ಡಿನ ಅಂಟು ಒಳ್ಳೆಯದಲ್ಲ. ಬೈರಿಗೆಯಿಂದ ತೂತು ಕೊರೆದು, ಹಲಗೆಯ ಕೆಳಗಿನಿಂದ ಸ್ಟೇನ್‌ಲೆಸ್ ಸ್ಟೀಲಿನ ತಿರುಪುಮೊಳೆಗಳಿಂದ ಕೊಂಬೆಯನ್ನು ಬಿಗಿಯಬೇಕು. ಸತುವಿನ ಲೇಪದ ತಂತಿ, ಮೊಳೆಗಳು ಅಗ್ಗ. ಕೊಕ್ಕಿನಿಂದ ಕೆರೆದು ನುಂಗಿದ ಸತುವು ಹಕ್ಕಿಗೆ ವಿಷ. ಬೆರಳೆಣಿಕೆಯ ರೂಪಾಯಿಗಳ ಈ ಉಳಿತಾಯ ನಷ್ಟದ ಬಾಬಿಗೇ ಸೇರುತ್ತದೆ. ಹಲಗೆಯ ಮೇಲೆ ದಿನವೂ ಬದಲಿಸುವ ಹಳೆಯ ವೃತ್ತಪತ್ರಿಕೆ ಹಾಸಿದರಾಯಿತು.

ಆಟಿಕೆಗಳಿಗೆ ಪೇಟೆಗೆ ಹೋಗಬೇಕಾಗಿಲ್ಲ. ನಯಗೊಳಿಸಿದ ತೆಂಗಿನ ಕರಟ ಕಾಳಿನ ಬಟ್ಟಲಾಗುತ್ತದೆ. ಹಸಿ ತೆಂಗಿನ ಗರಿಯ ತುಂಡುಗಳು ಸೀಳಿ ಆಡಲು ಒದಗುತ್ತವೆ. ಮಕ್ಕಳ ಕಾಲಿನ ಗೆಜ್ಜೆಯನ್ನು ಮಾತ್ರ ಕಟ್ಟಬಾರದು, ಅದರ ಸೀಳಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಎಳೆ ಬಿಚ್ಚಿದ ಹಗ್ಗಕ್ಕೂ ಇದೇ ಆಕ್ಷೇಪ.

ಹಕ್ಕಿಯನ್ನು ಹೊರಬಿಡುವ ಮುನ್ನ ಕಿಟಕಿ ಮುಚ್ಚಿ, ತಲೆಯ ಮೇಲಿನ ಪಂಖವನ್ನು ನಿಲ್ಲಿಸಬೇಕು. ಸೆಕೆಯ ಊರಿನಲ್ಲಿ ಇದು ಮರೆತುಹೋಗುವ ಸಂಗತಿ. ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿದರೂ ತಪ್ಪಿಲ್ಲ. ಹೊರಗೆ ಬಿಟ್ಟಷ್ಟು ಹೊತ್ತೂ ದೊಡ್ಡವರೊಬ್ಬರು ಹತ್ತಿರವಿರಬೇಕು.

ಮನೆಯವರ ಆರೋಗ್ಯದ ಬಗ್ಗೆಯೂ ಒಂದು ಮಾತು. ಗಿಳಿಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಜ್ವರ ಹರಡಬಹುದು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಅದು ಹಲವು ದೇಶಗಳಿಗೆ ವ್ಯಾಪಿಸಿತ್ತು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಂದಿಗೆ ಒಳಹೋಗುವುದೇ ಮುಖ್ಯ ಕಾರಣವಾದ್ದರಿಂದ ಮರವನ್ನೂ ಹಲಗೆಯನ್ನೂ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಕೈಗಳನ್ನು ಸೋಪಿನಿಂದ ತೊಳೆಯಬೇಕು. ಕೆಮ್ಮಿನೊಂದಿಗೆ ಬಿಡದ ಜ್ವರ ಬಂದಾಗ ಮನೆಯಲ್ಲಿ ಹಕ್ಕಿಯಿದೆಯೆಂದು ವೈದ್ಯರಿಗೆ ತಿಳಿಸುವುದನ್ನು ಮರೆಯಬಾರದು. ಪತ್ತೆಯಾದರೆ ಪ್ರತಿಜೈವಿಕ ಔಷಧಿಗಳಿಂದ ಇದು ಗುಣವಾಗುವ ಕಾಯಿಲೆ.

ಹೊಸ ಮರವನ್ನು ಕಂಡ ಹಕ್ಕಿ ಮೊದಲ ದಿನ ಹೆದರಿ ದೂರ ಸರಿಯುವುದು ಸ್ವಾಭಾವಿಕ. ಅದನ್ನು ಹಿಡಿದು ಕೂರಿಸಬಾರದು. ಪಂಜರದ ಬಳಿ ಮರವನ್ನಿಟ್ಟು, ಊರಿನಿಂದ ತರಿಸಿದ ನವಣೆಯ ತೆನೆಯೊಂದನ್ನು ಕೆಳಗಿನ ಕವಲಿಗೆ ಕಟ್ಟಿ, ಪಂಜರದ ಬಾಗಿಲು ತೆರೆದು ಕಾಯಬೇಕು. ಮೂರು ನಾಲ್ಕು ದಿನ ಹಿಡಿಯಬಹುದು, ಒಂದು ವಾರವೂ ಆಗಬಹುದು. ತೆನೆ ಖಾಲಿಯಾದ ಮರುದಿನ ಮುಂದಿನದನ್ನು ಒಂದು ಕವಲು ಮೇಲಕ್ಕೆ ಕಟ್ಟಿದರೆ ಸರಿ.