ಸಂಘದ ಸ್ಕ್ಯಾನರ್ ಮೂಲೆ ಸೇರಿದೆಯೇ? ಡ್ರೈವರ್ ಹಾಕಿಕೊಳ್ಳುವ ಬಗೆ



ಪಶುವೈದ್ಯರು ಕೆಚ್ಚಲು ಬಾವು, ಕಾಲುಬಾಯಿ ಜ್ವರ ಬಿಟ್ಟು ಕಂಪ್ಯೂಟರ್ ಪಾಠ ಶುರು ಮಾಡಿದರಲ್ಲ ಎಂದುಕೊಳ್ಳಬೇಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಹಲವು ಸಂಘಗಳ ಕಚೇರಿಯಲ್ಲಿ ಪಶು ಆಹಾರದ ಮೂಟೆಗಳ ಪಕ್ಕ ಧೂಳು ಹಿಡಿದು ಕೂತ ಸ್ಕ್ಯಾನರ್ ನೋಡಿದ್ದೇನೆ. ಕೇಳಿದರೆ "ಅದು ಕೆಟ್ಟೋಗಿದೆ ಡಾಕ್ಟ್ರೇ" ಎನ್ನುತ್ತಾರೆ. ಬಹಳ ಕಡೆ ಅದು ಕೆಟ್ಟಿರುವುದಿಲ್ಲ. ಕಂಪ್ಯೂಟರ್ ಬದಲಾದಾಗ ಅಥವಾ ಫಾರ್ಮ್ಯಾಟ್ ಮಾಡಿಸಿದಾಗ ಅದರ ಡ್ರೈವರ್ ಹೋಗಿರುತ್ತದೆ, ಅಷ್ಟೆ.

ಇದು ನಿಮಗೆ ಯಾಕೆ ಬೇಕು ಎಂದರೆ, ವಿಮೆ ಮಾಡಿಸಿದ ಹಸು ಸತ್ತ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಕಾಗದಗಳು ಮಾತ್ರ. ಪಾಲಿಸಿ, ಕ್ಲೇಮ್ ಅರ್ಜಿ, ಮರಣೋತ್ತರ ಪರೀಕ್ಷಾ ವರದಿ, ಪಾಸ್‌ಪುಸ್ತಕ. ಕಿವಿಯೋಲೆಯ 12 ಅಂಕಿ ಪಾಲಿಸಿಯಲ್ಲೂ ಅರ್ಜಿಯಲ್ಲೂ ವರದಿಯಲ್ಲೂ ಒಂದೇ ಆಗಿರಬೇಕು. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎನ್ನುವುದು ಜಾನುವಾರು ವಿಮೆಯ ಹಳೆಯ ನಿಯಮ. ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡಿಸಿ ಕಳಿಸಿದರೆ 3 ಹೋಗಿ 8 ಆಗುತ್ತದೆ, 1 ಹೋಗಿ 7 ಆಗುತ್ತದೆ, ಅರ್ಜಿ ವಾಪಸ್ ಬರುತ್ತದೆ. (ಡಾಕ್ಟರುಗಳ ಕೈಬರಹದ ಬಗ್ಗೆ ನೀವು ನಗುವುದು ನನಗೆ ಗೊತ್ತು. ಆದರೆ ಅಂಕಿಗಳನ್ನು ನಾವು ಬಿಡಿಸಿಯೇ ಬರೆಯುತ್ತೇವೆ.) ಅರಕಲಗೂಡು ಕಡೆಯ ಒಬ್ಬ ಅಕ್ಕನಿಗೆ ಹೀಗೆ ಒಂದೇ ಅಂಕಿಯ ಕಾರಣಕ್ಕೆ ಎರಡು ಸಲ ಕಾಗದ ಹಿಂದಕ್ಕೆ ಬಂತು. ಅಷ್ಟು ದಿನ ಕೊಟ್ಟಿಗೆ ಖಾಲಿ, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಸಂಘದಲ್ಲಿ ಕೆಲಸ ಮಾಡುವ ಸ್ಕ್ಯಾನರ್ ಇದ್ದಿದ್ದರೆ ಮೂಲ ಕಾಗದದ ಸ್ಪಷ್ಟ ಪ್ರತಿ ಮೊದಲ ದಿನವೇ ಹೋಗಬಹುದಿತ್ತು.

ಡ್ರೈವರ್ ಎಂದರೇನು? ಸಂತೆಯಿಂದ ಹೊಸ ಹಸು ತಂದಾಗ ಮಾರಿದವರನ್ನು ಕೇಳುತ್ತೀರಲ್ಲ, ಯಾವ ಕಡೆ ಕೂತು ಕರೆಯಬೇಕು, ಕರು ಬಿಡಬೇಕೋ ಬೇಡವೋ, ಒದೆಯುವ ಅಭ್ಯಾಸ ಇದೆಯೋ ಎಂದು. ಡ್ರೈವರ್ ಅಂಥದೇ ತಿಳಿವಳಿಕೆ. ಈ ಸ್ಕ್ಯಾನರಿನ ದೀಪ ಯಾವಾಗ ಹೊತ್ತಿಸಬೇಕು, ಒಳಗಿನ ಪಟ್ಟಿಯನ್ನು ಎಷ್ಟು ನಿಧಾನ ಸರಿಸಬೇಕು, ಬಂದ ಚಿತ್ರವನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡುವ ಸಣ್ಣ ಸಾಫ್ಟ್‌ವೇರ್ ಅದು. ಪ್ರತಿ ಮಾದರಿಗೂ ಬೇರೆ. ಕ್ಯಾನನ್ ಲೈಡ್ 110ರ ಡ್ರೈವರ್ ಎಚ್‌ಪಿ ಸ್ಕ್ಯಾನ್‌ಜೆಟ್‌ಗೆ ಆಗುವುದಿಲ್ಲ. ಸ್ಕ್ಯಾನರ್ ಜೊತೆ ಬರುವ ಸಿ.ಡಿ.ಯಲ್ಲಿ ಇದ್ದದ್ದು ಇದೇ. ಆ ಸಿ.ಡಿ. ಈಗ ಯಾರ ಮನೆಯಲ್ಲಿದೆಯೋ ಹುಡುಕುವ ಗೋಜಿಗೆ ಹೋಗಬೇಡಿ. ಅದರಲ್ಲಿರುವುದು ಹಳೆಯ ವಿಂಡೋಸ್‌ಗೆ ಬರೆದದ್ದು, ಹೊಸ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೂ ಇರುವುದಿಲ್ಲ.

ಕೈ ಹಾಕುವ ಮೊದಲು ಒಂದು ಮಾತು. ಸಂಘದ ಕಂಪ್ಯೂಟರ್ ಬರೀ ಕಾಗದ ಟೈಪ್ ಮಾಡುವ ಯಂತ್ರವಲ್ಲ. ಬಹಳ ಕಡೆ ಅದೇ ಕಂಪ್ಯೂಟರಿಗೆ ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಸೇರಿರುತ್ತವೆ. ನಿಮ್ಮೆಲ್ಲರ ಹಾಲಿನ ಲೆಕ್ಕ, ಬಟವಾಡೆ, ಸರ್ಕಾರದ ಪ್ರೋತ್ಸಾಹಧನಕ್ಕೆ ಹೋಗುವ ಲೀಟರಿನ ಲೆಕ್ಕ ಅದರೊಳಗಿದೆ. ಆದ್ದರಿಂದ ಬೆಳಗಿನ ಹಾಲು ಮುಗಿದ ಮೇಲೆ, ಬಟವಾಡೆ ದಿನವಲ್ಲದ ದಿನ ಈ ಕೆಲಸಕ್ಕೆ ಕೂರಿ. ಕಾರ್ಯದರ್ಶಿಯವರು ಮೊದಲು ಹಾಲಿನ ಲೆಕ್ಕದ ಬ್ಯಾಕಪ್ ಅನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಪೆನ್‌ಡ್ರೈವ್ ಕಿತ್ತು ಬೀರುವಿನಲ್ಲಿಡಲಿ. ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಯಾರಿಗಾದರೂ ಕೊಟ್ಟಿದ್ದರೆ ಅವರಿಗೊಂದು ಫೋನ್ ಮಾಡಿ ತಿಳಿಸಿ.

ಇನ್ನೂ ಮುಖ್ಯವಾದದ್ದು: ಸ್ಕ್ಯಾನರಿಗೆ ಜಾಗ ಸಾಲದು ಎಂದು ತೂಕದ ಯಂತ್ರದ ವೈರು ಕಿತ್ತು ಬೇರೆ ಕಿಂಡಿಗೆ ಹಾಕಬೇಡಿ. ಆ ವೈರು ಯುಎಸ್‌ಬಿ ಪರಿವರ್ತಕದ ಮೂಲಕ ಬಂದಿದ್ದರೆ, ಕಿಂಡಿ ಬದಲಾದಾಗ ವಿಂಡೋಸ್ ಅದಕ್ಕೆ ಬೇರೆ ಕಾಮ್ ಪೋರ್ಟ್ ಸಂಖ್ಯೆ ಕೊಟ್ಟುಬಿಡಬಹುದು. ಸಂಜೆ ಕ್ಯಾನು ಹಿಡಿದು ಎಲ್ಲರೂ ಸಾಲು ನಿಂತಾಗ ತೂಕ ಪರದೆಯ ಮೇಲೆ ಬರುವುದಿಲ್ಲ. ಆಗ ಬೈಗುಳ ಸ್ಕ್ಯಾನರಿಗಲ್ಲ, ಹಾಕಿದವರಿಗೆ.

ಈಗ ಕೆಲಸಕ್ಕೆ ಬರೋಣ. ಸ್ಕ್ಯಾನರ್ ಮಗುಚಿ ಅಡಿಯ ಚೀಟಿಯಲ್ಲಿರುವ ಕಂಪನಿ ಹೆಸರು ಮತ್ತು ಮಾದರಿ ಸಂಖ್ಯೆ ಬರೆದುಕೊಳ್ಳಿ. ಚೀಟಿ ಅಳಿಸಿದ್ದರೂ ಚಿಂತೆಯಿಲ್ಲ. ಯಂತ್ರವನ್ನು ಕಂಪ್ಯೂಟರಿಗೆ ಸೇರಿಸಿ ಡಿವೈಸ್ ಮ್ಯಾನೇಜರ್ ತೆರೆದರೆ, ಡ್ರೈವರ್ ಇಲ್ಲದ ಯಂತ್ರದ ಮುಂದೆ ಹಳದಿ ಗುರುತು ಕಾಣುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಹಾರ್ಡ್‌ವೇರ್ ಐಡೀಸ್ ನೋಡಿ. ವಿಐಡಿ ಎಂಬುದರ ಮುಂದೆ 04ಎ9 ಇದ್ದರೆ ಕ್ಯಾನನ್, 03ಎಫ್0 ಇದ್ದರೆ ಎಚ್‌ಪಿ, 04ಬಿ8 ಇದ್ದರೆ ಎಪ್ಸನ್. ಇದು ಯಂತ್ರದ ಕಿವಿಯೋಲೆ ಇದ್ದಂತೆ, ಅಳಿಸಿಹೋಗುವುದಿಲ್ಲ. ಗುರುತಿಸಿದ ಮೇಲೆ ಕೇಬಲ್ ತೆಗೆದುಬಿಡಿ.

ಬಳಿಕ ನಿಮ್ಮ ವಿಂಡೋಸ್ ಯಾವುದು, 32 ಬಿಟ್ಟೋ 64 ಬಿಟ್ಟೋ ನೋಡಿಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ಸಿಸ್ಟಮ್ ಟೈಪ್ ಎದುರು ಬರೆದಿರುತ್ತದೆ. 32 ಬಿಟ್ಟಿನ ಡ್ರೈವರ್ 64 ಬಿಟ್ಟಿನ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. "ಹಾಕಿದೆ, ಆಗಲಿಲ್ಲ" ಎನ್ನುವವರಲ್ಲಿ ಅನೇಕರು ಇಲ್ಲೇ ಎಡವಿರುತ್ತಾರೆ.

ಡ್ರೈವರನ್ನು ಆ ಕಂಪನಿಯ ಸ್ವಂತ ಜಾಲತಾಣದ ಸಪೋರ್ಟ್ ಪುಟದಿಂದ ಮಾತ್ರ ಇಳಿಸಿಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಗೂಗಲ್‌ನಲ್ಲಿ ಮಾದರಿ ಹೆಸರು ಹಾಕಿ ಡ್ರೈವರ್ ಎಂದು ಹುಡುಕಿದರೆ ಮೇಲುಗಡೆ ಜಾಹೀರಾತುಗಳು ಬರಬಹುದು. "ನಿಮ್ಮ ಎಲ್ಲ ಡ್ರೈವರ್ ಸರಿ ಮಾಡುತ್ತೇವೆ", "ಈಗಲೇ ಹಣ ಕಟ್ಟಿ" ಎನ್ನುವ ತಾಣಗಳನ್ನು ಮುಟ್ಟಬೇಡಿ. ಕ್ಯಾನನ್, ಎಚ್‌ಪಿ, ಎಪ್ಸನ್ ಯಾರೂ ಡ್ರೈವರಿಗೆ ದುಡ್ಡು ಕೇಳುವುದಿಲ್ಲ. ಕಂಡ ಕಂಡ ತಾಣದಿಂದ ಇಳಿಸಿದ್ದರಲ್ಲಿ ವೈರಸ್ ಬಂದರೆ ಹೋಗುವುದು ಸ್ಕ್ಯಾನರ್ ಅಲ್ಲ, ಊರಿನ ಹಾಲಿನ ಲೆಕ್ಕ.

ಇಳಿಸಿದ ಮೇಲೆ ಸಾಮಾನ್ಯ ಕ್ರಮ ಇದು: ಮೊದಲು ಡ್ರೈವರ್ ಹಾಕಿ, ಆಮೇಲೆ ಕೇಬಲ್ ಸೇರಿಸಿ. ಕೇಬಲ್ ಮೊದಲೇ ಸೇರಿಸಿದರೆ ವಿಂಡೋಸ್ ತನಗೆ ತೋಚಿದ ಡ್ರೈವರ್ ಹಚ್ಚಿಕೊಂಡು ಕೂರಬಹುದು. ಇಳಿದ ಕಡತದ ಮೇಲೆ ಎರಡು ಸಲ ಒತ್ತಿ, ಅನುಮತಿ ಕೇಳಿದಾಗ ಅಡ್ಮಿನ್ ಪಾಸ್‌ವರ್ಡ್ ಕೊಡಿ. ನಡುವೆ ಯಂತ್ರ ಸೇರಿಸಿ ಎಂದು ಅದೇ ಕೇಳಿದಾಗ ಕೇಬಲ್ ಹಾಕಿ. ಕ್ಯಾನನ್ ಲೈಡ್ ತರಹದ ತೆಳ್ಳನೆಯ ಸ್ಕ್ಯಾನರುಗಳಿಗೆ ಬೇರೆ ಪ್ಲಗ್ ಇಲ್ಲ, ಕರೆಂಟೂ ಅದೇ ಯುಎಸ್‌ಬಿ ಕೇಬಲಿನಲ್ಲಿ ಬರುತ್ತದೆ. ಹಾಗಾಗಿ ಹಬ್ಬಿಗೆ ಹಾಕದೆ ಕಂಪ್ಯೂಟರಿನ ಹಿಂಬದಿಯ ಕಿಂಡಿಗೆ ನೇರ ಹಾಕಿ. ನಡುವೆ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ. ಮುಗಿದ ಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಆದರೂ ಆಗಲಿಲ್ಲವೇ? ಮೊದಲು ಕೇಬಲ್ ಬದಲಿಸಿ ನೋಡಿ, ಇಲಿ ಕಡಿದ ಕೇಬಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವು ಸ್ಕ್ಯಾನರುಗಳ ಅಡಿಯಲ್ಲಿ ಸಾಗಣೆಗೆಂದು ಇಟ್ಟ ಬೀಗದ ಗುಂಡಿ ಇರುತ್ತದೆ, ಅದನ್ನು ತೆರೆಯದೆ ಒಳಗಿನ ಪಟ್ಟಿ ಸರಿಯುವುದಿಲ್ಲ. ಕಂಪನಿಯೇ ಹೊಸ ವಿಂಡೋಸ್‌ಗೆ ಡ್ರೈವರ್ ಕೊಡದೆ ಕೈಬಿಟ್ಟ ಹಳೆಯ ಮಾದರಿಯಾದರೆ ಎರಡು ದಾರಿ ಇವೆ. ವ್ಯೂಸ್ಕ್ಯಾನ್ ಎಂಬ ಸಾಫ್ಟ್‌ವೇರ್ ಬಹಳಷ್ಟು ಹಳೆಯ ಸ್ಕ್ಯಾನರುಗಳಿಗೆ ತನ್ನದೇ ಡ್ರೈವರ್ ಇಟ್ಟುಕೊಂಡಿದೆ, ಆದರೆ ಅದಕ್ಕೆ ಹಣ ಕೊಡಬೇಕು. ಇನ್ನೊಂದು, ಬಳಸದೆ ಇರುವ ಹಳೆಯ ಕಂಪ್ಯೂಟರ್ ಇದ್ದರೆ ಅದಕ್ಕೆ ಉಚಿತವಾದ ಲಿನಕ್ಸ್ ಹಾಕಿಸುವುದು. ಅದರಲ್ಲಿನ ಸೇನ್ ಎಂಬ ವ್ಯವಸ್ಥೆ ಅನೇಕ ಹಳೆಯ ಸ್ಕ್ಯಾನರುಗಳನ್ನು ತಾನೇ ಗುರುತಿಸುತ್ತದೆ. ಕಾಲೇಜು ಓದುವ ಮಗಳು ಮನೆಯಲ್ಲಿದ್ದರೆ ಒಂದು ಮಧ್ಯಾಹ್ನದ ಕೆಲಸ. ಹೊಸ ಸ್ಕ್ಯಾನರ್ ಕೊಳ್ಳುವ ಠರಾವಿಗೆ ಕೈ ಎತ್ತುವ ಮೊದಲು ಇಷ್ಟು ಮಾಡಿ ನೋಡಿ ಎನ್ನುವುದು ನನ್ನ ಸಲಹೆ.

ಸ್ಕ್ಯಾನ್ ಮಾಡಲು ವಿಂಡೋಸ್‌ನಲ್ಲಿಯೇ ಫ್ಯಾಕ್ಸ್ ಅಂಡ್ ಸ್ಕ್ಯಾನ್ ಇದೆ. ಹಲವು ಹಾಳೆ ಸೇರಿಸಿ ಒಂದೇ ಪಿಡಿಎಫ್ ಮಾಡಲು ನ್ಯಾಪ್ಸ್2 ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕಿಂತ ಅನುಕೂಲ. ಕಾಗದಕ್ಕೆ 300 ಡಿಪಿಐ ಸಾಕು. ಎ4 ಹಾಳೆಯೊಂದನ್ನು ಬಣ್ಣದಲ್ಲಿ 300ರಲ್ಲಿ ತೆಗೆದರೆ, ಕುಗ್ಗಿಸುವ ಮೊದಲು ಸುಮಾರು 26 ಎಂಬಿ ಆಗುತ್ತದೆ. 600ಕ್ಕೆ ಏರಿಸಿದರೆ ಅದರ ನಾಲ್ಕು ಪಟ್ಟು, ಆದರೆ ಓದುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಪಿಡಿಎಫ್ ಮಾಡುವಾಗ ಕುಗ್ಗಿ ಇಮೇಲಿಗೆ ಹೋಗುವಷ್ಟಾಗುತ್ತದೆ. ಸೀಲು, ನೀಲಿ ಶಾಯಿಯ ಸಹಿ ಇರುವ ವರದಿಯನ್ನು ಬಣ್ಣದಲ್ಲಿಯೇ ತೆಗೆಯಿರಿ. ಬರೀ ಕಪ್ಪು ಬಿಳುಪಿನಲ್ಲಿ ತೆಳು ಅಕ್ಷರ ಮಾಯವಾಗುತ್ತದೆ. ತೆಗೆದ ಮೇಲೆ ಪರದೆಯಲ್ಲಿ ದೊಡ್ಡದು ಮಾಡಿ 12 ಅಂಕಿಯನ್ನೂ ಬೆರಳಿಟ್ಟು ಓದಿ, ಮೂಲದ ಜೊತೆ ತಾಳೆ ನೋಡಿ.

"ಮೊಬೈಲಿನಲ್ಲೇ ಫೋಟೋ ತೆಗೆದರೆ ಆಗದೇ?" ಎಂದು ಕೇಳುವವರಿದ್ದೀರಿ. ತುರ್ತಿಗೆ ಆಗುತ್ತದೆ. ಸತ್ತ ಹಸುವಿನ ಓಲೆ ಕಾಣುವಂಥ ಫೋಟೋ ಮೊಬೈಲಿನಲ್ಲಿಯೇ ತೆಗೆಯಬೇಕು, ಅಲ್ಲಿಗೆ ಸ್ಕ್ಯಾನರ್ ಬರುವುದಿಲ್ಲ. ಆದರೆ ಪಾಸ್‌ಪುಸ್ತಕ, ಮಡಿಚಿ ಮಡಿಚಿ ಗೀರು ಬಿದ್ದ ಪಾಲಿಸಿ ಇಂಥವು ಗಾಜಿನ ಮೇಲೆ ಒತ್ತಿ ಕೂತಾಗಲೇ ನೆರಳಿಲ್ಲದೆ ಬರುತ್ತವೆ.

ಹಸು ಚೆನ್ನಾಗಿರುವಾಗಲೇ ಪಾಲಿಸಿ ತಂದು ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ಕಡತಕ್ಕೆ ನಿಮ್ಮ ಹೆಸರಿಗಿಂತ ಓಲೆ ಸಂಖ್ಯೆಯನ್ನೇ ಹೆಸರಾಗಿ ಕೊಡಿ. ಒಂದೇ ಊರಿನಲ್ಲಿ ಲಕ್ಷ್ಮಮ್ಮ, ಜಯಮ್ಮ ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು. ಓಲೆ ಸಂಖ್ಯೆ ಮಾತ್ರ ಒಂದು ಹಸುವಿಗೆ ಒಂದೇ.

ಆಧಾರ್ ವಿಚಾರದಲ್ಲಿ ಮಾತ್ರ ಬಿಗಿಯಾಗಿರಿ. ಪೇಟೆಯ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಆಧಾರ್, ಪಾಸ್‌ಪುಸ್ತಕ ಉಳಿದುಬಿಡುವುದಕ್ಕಿಂತ ಸಂಘದಲ್ಲಿ ಸ್ಕ್ಯಾನ್ ಮಾಡುವುದು ಮೇಲು. ಅಲ್ಲಿಯೂ ಕೆಲಸ ಮುಗಿದ ಮೇಲೆ ನಿಮ್ಮ ಎದುರೇ ಅಳಿಸಲು ಹೇಳಿ, ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ಕೇಳಿದವರು ಒಪ್ಪುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅದನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು.

ಕೊನೆಯದಾಗಿ ಗಾಜು. ಹಿಂಡಿ, ಬೂಸಾದ ಧೂಳು ಗಾಜಿನ ಮೇಲೆ ಕೂತರೆ ಪ್ರತಿ ಹಾಳೆಯ ಮೇಲೂ ಚುಕ್ಕೆ ಬೀಳುತ್ತದೆ, ಅಂಕಿಯ ಮೇಲೆ ಬಿದ್ದರೆ ಮತ್ತೆ ಅದೇ ತಕರಾರು. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ನೀರನ್ನು ನೇರ ಗಾಜಿನ ಮೇಲೆ ಚಿಮುಕಿಸಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಮೇಲೊಂದು ಬಟ್ಟೆ ಹೊದಿಸಿ, ಮೂಟೆಗಳಿಂದ ದೂರ ಮೇಜಿನ ಮೇಲಿಡಿ.