ಗುಂಡಿ ಡಬ್ಬಿ ಎಲ್ಲಿದೆ?

ದೀಪಾವಳಿಗೆ ಗೋಡೆಗೊಂದು ಗುಂಡಿ ಚಿತ್ರ ಮಾಡ್ತೀನಿ, ಹಾಸನದ ಅಂಗಡಿಯಿಂದ ಏನೇನು ತರಲಿ ಅಂತ ಕೇಳಿದೆಯಲ್ಲ ಮಗಳೇ, ಸದ್ಯಕ್ಕೆ ಏನೂ ತರಬೇಡ. ಮೊದಲು ನಿಮ್ಮಮ್ಮನ ಹೊಲಿಗೆ ಡಬ್ಬಿ ಹುಡುಕು. ಹಳೇ ಅಂಗಿ ಒರೆಸುವ ಬಟ್ಟೆಯಾಗುವ ಮುಂಚೆ ಗುಂಡಿ ಕತ್ತರಿಸಿ ಎತ್ತಿಡುವುದು ನಮ್ಮ ಮನೆಗಳ ಹಳೇ ಚಾಳಿ. ನಿಮ್ಮ ತಾತನ ಕೋಟಿನ ದಪ್ಪ ಗುಂಡಿ, ನಿನ್ನ ಶಾಲೆ ಅಂಗಿಯ ಬಿಳಿ ಗುಂಡಿ, ಯಾವುದೋ ಸ್ವೆಟರಿನ ಒಂಟಿ ಹಸಿರು ಗುಂಡಿ, ಎಲ್ಲ ಅಲ್ಲೇ ಇರುತ್ತವೆ. ಪ್ಯಾಕೆಟ್ಟಿನ ಗುಂಡಿ ಎಲ್ಲವೂ ಒಂದೇ ಅಚ್ಚು. ಅವುಗಳಿಂದ ಮಾಡಿದ ಚಿತ್ರ ನನಗೆ ಬಚ್ಚಲುಮನೆಯ ಟೈಲ್ಸಿನ ಹಾಗೆ ಕಾಣುತ್ತೆ.

ಅರಕಲಗೂಡಿನ ನಮ್ಮ ತೌರುಮನೆಯ ನಡುಮನೆಯಲ್ಲಿ ಗಾಜು ಹಾಕಿದ ಚೌಕಟ್ಟಿನೊಳಗೆ, ಕರಿ ಮಖಮಲ್ಲಿನ ಮೇಲೆ ಎರಡು ಹಂಸ ಇದ್ದವು. ಮೈಯೆಲ್ಲ ಚಿಪ್ಪಿನ ಗುಂಡಿ, ಕೊಕ್ಕಿಗೆ ಕೆಂಪು ಮಣಿ. ಸಂಜೆ ದೀಪ ಹಚ್ಚಿದರೆ ಒಂದೊಂದು ಗುಂಡಿಯಲ್ಲೂ ಹಾಲುಬಣ್ಣದ ಹೊಳಪು ಸರಿದಾಡುತ್ತಿತ್ತು. 'ಹೆಣ್ಣು ನೋಡೋಕೆ ಬಂದವರಿಗೆ ತೋರಿಸಕ್ಕೆ ಮಾಡಿದ್ದು' ಅಂತ ನಮ್ಮಮ್ಮ ನಗುತ್ತಿದ್ದಳು. ಹಂಸವೇ ಯಾಕೆ ಅಂತ ನಮ್ಮ ಜಿಲ್ಲೆಯವರು ಕೇಳಬಾರದು. ಹಳೇಬೀಡಿನ ಗೋಡೆಯ ಪಟ್ಟಿಗಳಲ್ಲಿ ಆನೆ ಎಲ್ಲಕ್ಕಿಂತ ಕೆಳಗೆ, ಹಂಸ ಮೇಲೆ. ಚನ್ನರಾಯಪಟ್ಟಣದ ಕಡೆ ಹೋದಾಗ ನುಗ್ಗೇಹಳ್ಳಿಯಲ್ಲಿ ಇಳಿದು, 1246ರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿಕೊಂಡು ಬಾ. ಅಲ್ಲಿ ಬೈಚೋಜ, ಮಲ್ಲಿತಮ್ಮ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಅಮ್ಮ ತನ್ನ ಹಂಸಕ್ಕೆ ಹೆಸರು ಹಾಕಲಿಲ್ಲ. ನೀನು ಹಾಕು, ಚೌಕಟ್ಟಿನ ಹಿಂಬದಿಗಾದರೂ.

ಅಂಟಿಸಬೇಡ, ಮಖಮಲ್ಲಿಗೆ ಹೊಲಿ. ಹೊಳೆನರಸೀಪುರಕ್ಕೆ ಬಂದ ಹೊಸತರಲ್ಲಿ ನಾನು ಪ್ಲೈವುಡ್ಡಿಗೆ ಬಿಳಿ ಗೋಂದು ಬಳಿದು, ಒಂದೇ ಮಧ್ಯಾಹ್ನದಲ್ಲಿ ಗುಂಡಿಗಳ ನಂದಾದೀಪ ಮಾಡಿ ಬೀಗಿದ್ದೆ. ಮುಂದಿನ ಆಷಾಢದಲ್ಲಿ ಹೇಮಾವತಿ ಕಡೆಯಿಂದ ಥಂಡಿ ಗಾಳಿ ಶುರುವಾಯಿತು ನೋಡು, ರಾತ್ರಿ ಟಪ್ ಅಂತ ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು. ನಿಮ್ಮ ಮಾವ ಹಲ್ಲಿ ಅಂದರು. ಬೆಳಗ್ಗೆ ನೋಡಿದರೆ ದೀಪದ ಕುಡಿಯೇ ನೆಲದ ಮೇಲಿತ್ತು. ಆ ಗೋಂದಿನ ನೀರನ್ನು ಮರ ಹೀರುತ್ತೆ, ಬಟ್ಟೆ ಹೀರುತ್ತೆ, ಪ್ಲಾಸ್ಟಿಕ್ ಹೀರಲ್ಲ. ನುಣುಪು ಗುಂಡಿಗೆ ಹಿಡಿತವೇ ಇರಲಿಲ್ಲ.

ಬಟ್ಟೆಯನ್ನು ಹಲಗೆಗೆ ಬಿಗಿಯುವುದು ಆಮೇಲೆ, ಹೊಲಿದು ಮುಗಿದ ಮೇಲೆ. ಮೊದಲು ಸವೆದ ಸೋಪಿನ ಚೂರಿನಲ್ಲಿ ದೀಪದ ಗೆರೆ ಎಳೆ, ಗುಂಡಿಗಳನ್ನು ಸುಮ್ಮನೆ ಜೋಡಿಸಿ ಒಂದು ರಾತ್ರಿ ಬಿಡು. ಬೆಳಗಿನ ಕಣ್ಣಿಗೆ ತಪ್ಪು ಬೇರೆ ಥರ ಕಾಣುತ್ತೆ. ಬುಡಕ್ಕೆ ಸುಮಾರು 20 ಮಿಲಿಮೀಟರಿನ ಕೋಟಿನ ಗುಂಡಿ, ಮೇಲೇರಿದಂತೆ 11 ಮಿಲಿಮೀಟರಿನ ಅಂಗಿ ಗುಂಡಿ, ಕುಡಿಯ ತುದಿಗೆ ಕಾಲರಿನ ಪುಟ್ಟ ಗುಂಡಿ. ಸಂದಿಗಳಿಗೆ ಮಣಿ. ಎರಡು ತೂತಿನವು ಕುಡಿಗೆ ಒಳ್ಳೆಯವು, ತೂತುಗಳನ್ನು ಮೇಲ್ಮುಖ ಮಾಡಿ ಹೊಲಿದರೆ ಉರಿ ಎದ್ದ ಹಾಗಿರುತ್ತೆ. ದಾರವನ್ನು ಮೇಣದಬತ್ತಿಯ ಮೇಲೆ ಎಳೆದುಕೋ, ಸಿಕ್ಕಾಗಲ್ಲ. ಐದಾರು ಗುಂಡಿಗೊಮ್ಮೆ ಹಿಂದೆ ಗಂಟು ಹಾಕು. ಒಂದೇ ದಾರದಲ್ಲಿ ಎಲ್ಲ ಹೊಲಿದು, ಎಲ್ಲೋ ಒಂದು ಕಡೆ ಹರಿದರೆ ಹಾಗೇ ಬಿಚ್ಚುತ್ತಾ ಹೋಗುತ್ತೆ. ಕಟ್ಟು ಹಾಕಿಸುವಾಗ ಗಾಜಿಗೂ ಗುಂಡಿಗೂ ನಡುವೆ ಪಟ್ಟಿ ಕೊಡಿಸು, ಒತ್ತಬಾರದು.

ಹಾಸನಾಂಬೆಯ ಗುಡಿಯ ಬಾಗಿಲು ತೆಗೆದ ದಿನ ಗೋಡೆಗೆ ತೂಗುಹಾಕು. ದೀಪಾವಳಿ ಮುಗಿದು ಬಾಗಿಲು ಹಾಕಿದ ಮೇಲೆ ನೀನೂ ಚೌಕಟ್ಟು ಇಳಿಸಿ, ಹಳೇ ಪಂಚೆಯಲ್ಲಿ ಸುತ್ತಿಡು. ಮಖಮಲ್ಲು ವರ್ಷವಿಡೀ ಗೋಡೆಯಲ್ಲಿದ್ದರೆ ಧೂಳು ಕುಡಿಯುತ್ತೆ. ಸುತ್ತುವ ಮುಂಚೆ ಒಂದು ಸಲ ಕೈಯಾಡಿಸಿ, ಸಡಿಲಾದ ಗುಂಡಿ ಇದ್ದರೆ ಆಗಲೇ ಬಿಗಿ. ಬರುವ ವರ್ಷ ನೋಡೋಣ ಅಂತ ಬಿಟ್ಟರೆ ಆಗ ಅದೇ ಬಣ್ಣದ ದಾರ ಸಿಗಲ್ಲ.